ಮೂರು ಸೀರೆಯ ಮೈ

ನಮ್ಮ ಕಾಲದಲ್ಲಿ ಯಾವ ಮೈಗೆ ಯಾವ ಬಟ್ಟೆ ಒಪ್ಪುತ್ತದೆ ಎಂದು ಯಾರೂ ಕೂರಿಸಿಕೊಂಡು ಹೇಳಿಕೊಡುತ್ತಿರಲಿಲ್ಲ. ಉಡಿ ತುಂಬಿಸಿಕೊಂಡೇ ಕಲಿಯುತ್ತಿದ್ದೆವು. ಹಬ್ಬಕ್ಕೋ ಬಸುರಿಯ ಕುಬಸಕ್ಕೋ ಒಬ್ಬರ ಮನೆಗೆ ಹೋದರೆ ಬರುವಾಗ ಸೆರಗಿನೊಳಗೆ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಹಾಕಿ ಮೇಲೊಂದು ಕುಪ್ಪಸದ ಖಣ ಇಟ್ಟು ಕಳಿಸುವುದು ನಮ್ಮಲ್ಲಿ ಪದ್ಧತಿ. ಕೊಡುವವಳಿಗೆ ಮನಸ್ಸಿಲ್ಲದಿದ್ದರೆ ಪೆಟ್ಟಿಗೆಯಲ್ಲಿ ಮೇಲಿದ್ದದ್ದನ್ನು ಎತ್ತಿ ಕೊಡುತ್ತಿದ್ದಳು. ಮನಸ್ಸಿದ್ದವಳು ಎದುರಿಗೆ ಕುಳಿತವಳ ಭುಜ ನೋಡಿ, ಬಣ್ಣ ನೋಡಿ, ಅಡಿಯವರೆಗೆ ಕೈಹಾಕಿ ಹುಡುಕಿ ಕೊಡುತ್ತಿದ್ದಳು.

ನನ್ನ ಅವ್ವ ಹುಡುಕಿ ಕೊಡುವವಳು. ಮೈ ತುಂಬಿಕೊಂಡವರಿಗೆ ಕಪ್ಪು ನೆಲದ, ಎಳೆ ಎಳೆ ಗೆರೆಯ ಖಣ. ಬಡಕಲು ಮೈಯವರಿಗೆ ತಿಳಿ ಬಣ್ಣ, ಅಂಚಿಗೆ ಅಗಲ ದಡಿ. ಗಿಡ್ಡ ಇದ್ದವರಿಗೆ ಅಗಲ ದಡಿ ಕೊಟ್ಟರೆ ಮೈಯೆಲ್ಲ ದಡಿಯೇ ಆಗುತ್ತದೆ, ಅವರಿಗೆ ಕಡ್ಡಿಯಷ್ಟು ದಡಿ ಸಾಕು. "ಖಣ ಕೊಟ್ಟರ ಮೈ ನೋಡಿ ಕೊಡಬೇಕು. ಇಲ್ಲಾಂದ್ರ ಅದು ಯಾರ ಮೈಮ್ಯಾಲೂ ಹತ್ತದ ಉಡಿಯಿಂದ ಉಡಿಗಿ ತಿರುಗ್ತದ," ಎನ್ನುತ್ತಿದ್ದಳು. ಅದು ಖರೆ. ಒಂದು ಅರಿಶಿನ ಬಣ್ಣದ ಖಣ ನಮ್ಮ ಭಾಲ್ಕಿಯ ಓಣಿಯನ್ನೆಲ್ಲ ಸುತ್ತಿ ಮತ್ತೆ ನಮ್ಮ ಮನೆಗೇ ಬಂದು ಬಿದ್ದಿತ್ತು. ಮೂಲೆಯಲ್ಲಿದ್ದ ಎಣ್ಣೆ ಕಲೆಯಿಂದ ಅವ್ವ ಅದನ್ನು ಗುರುತು ಹಿಡಿದಳು.

ಬೇರೆಯವರ ಮೈಗೆ ಇಷ್ಟು ಚೆನ್ನಾಗಿ ಹುಡುಕುವ ಅವ್ವನಿಗೆ ನನ್ನ ಮೈಯದೇ ಚಿಂತೆ. ನಾನು ಅಪ್ಪನ ಹಾಗೆ ಉದ್ದ. ಉದ್ದಕ್ಕೆ ತಕ್ಕ ದಪ್ಪವನ್ನು ಶಿವ ಕೊಟ್ಟಿರಲಿಲ್ಲ. ಬಾಗಿಲ ಮೇಲ್ಕಟ್ಟು ನನ್ನ ಹಣೆಗೆ ಬಡಿಯುತ್ತಿತ್ತು, ಬಳೆಗಾರ ನನ್ನ ಕೈಗೆ ಸಣ್ಣ ಹುಡುಗಿಯರ ಬಳೆ ಇಡುತ್ತಿದ್ದ. ನೋಡಲು ಬಂದ ಒಂದು ಮನೆಯವರು "ಹುಡುಗಿ ಬಾಳ ಎತ್ತರ ಆಯ್ತು" ಎಂದು ಹೋದರು. ಇನ್ನೊಂದು ಮನೆಯವರು ಅದನ್ನೂ ಹೇಳಲಿಲ್ಲ, ಸಜ್ಜಕ ಉಂಡು ಹೋದರು.

ಪೊಲೀಸ್ ಆಕ್ಷನ್ ಆಗುವುದಕ್ಕೆ ಮುಂಚಿನ ಬೇಸಿಗೆ. ನಿಜಾಮರ ರಾಜ್ಯದ ಕೊನೆಯ ದಿನಗಳು. ಸುತ್ತಮುತ್ತ ಗದ್ದಲ ಎದ್ದಿತ್ತು, ದಿನಕ್ಕೊಂದು ಕೆಟ್ಟ ಸುದ್ದಿ ಬರುತ್ತಿತ್ತು. ಭಾತಂಬ್ರಾದ ಸೋದರಮಾವ ಬಂಡಿ ಕಟ್ಟಿಕೊಂಡು ಬಂದು, "ಹೆಣ್ಣುಮಕ್ಕಳನ್ನ ಗಡಿ ದಾಟಿಸಿ ಬರೋಣ, ನಡೀರಿ," ಎಂದ. ಬಂಡಿಯಲ್ಲಿ ಮಕ್ಕಳಿಗೆ, ಜೋಳಕ್ಕೆ, ಹಿಟ್ಟಿಗೆ ಜಾಗ ಇತ್ತೇ ಹೊರತು ಬಟ್ಟೆಯ ಗಂಟಿಗೆ ಇರಲಿಲ್ಲ. ಉಪಾಯ ತೆಗೆದವಳು ನನ್ನ ಕಾಕಿ, ಅಪ್ಪನ ತಮ್ಮನ ಹೆಂಡತಿ. ಗುಂಡುಗುಂಡಗೆ, ಗಿಡ್ಡಗೆ, ಬಾಯಿ ತುಂಬ ಮಾತಿನ ಹೆಂಗಸು.

"ಯಕ್ಕಾ, ಗಂಟು ಕಟ್ಟಿದ್ರ ಯಾರರೇ ಕಸಗೋತಾರ. ಮೈಮ್ಯಾಲಿದ್ದದ್ದು ಮೈಮ್ಯಾಲೇ ಇರ್ತದ. ಎಲ್ಲಾ ಉಟ್ಟುಗೊಂಡು ನಡೀರಿ!"

ಹಾಗೆ ನಮ್ಮ ಮನೆಯ ಹೆಂಗಸರು ಮೂರು ಮೂರು ಸೀರೆ ಉಟ್ಟರು. ಮೈಗೆ ಹತ್ತಿಕೊಂಡು ದಿನಬಳಕೆಯ ನೂಲಿನ ಸೀರೆ, ನಡುವೆ ಪೆಟ್ಟಿಗೆಯ ಒಳ್ಳೆಯ ಸೀರೆ, ಯಾರ ಕಣ್ಣೂ ಬೀಳದಿರಲೆಂದು ಮೇಲೊಂದು ಮಾಸಿದ ಹಳೆ ಸೀರೆ. ನನ್ನ ಮೈಮೇಲೆ ನಡುವೆ ಇದ್ದದ್ದು ಅವ್ವನ ಮದುವೆಯ ಇಳಕಲ್ಲ ಸೀರೆ. ಹದಿನಾರು ಮೊಳದ ಸೀರೆ ಮೂರು ಸುತ್ತಿಕೊಂಡರೆ ಮನುಷ್ಯ ನಡೆಯುವುದಿಲ್ಲ, ಉರುಳುತ್ತಾನೆ. ಕಾಕಿಯನ್ನು ಬಂಡಿ ಹತ್ತಿಸಲು ಸೋದರಮಾವ ಕೆಳಗಿಂದ ದೂಡಿದ, ಅಪ್ಪ ಮೇಲಿಂದ ಎಳೆದ. ಅಷ್ಟು ಹೆದರಿಕೆಯಲ್ಲೂ ನನಗೆ ನಗು ಬಂತು. "ನಗಬ್ಯಾಡ. ನಿನಗೂ ಈಗ ನನ್ನಷ್ಟೇ ನಡ ಅದ," ಎಂದಳು ಕಾಕಿ. ನೋಡಿಕೊಂಡೆ. ಹೌದು, ಇತ್ತು. ಬೆವರು ಹರಿಯುತ್ತಿದ್ದರೂ, ಸುಳ್ಳಾದರೂ, ಒಂದು ತುಂಬಿದ ನಡು ಬಂದದ್ದಕ್ಕೆ ಒಳಗೊಳಗೇ ಸಂತೋಷವಾಯಿತು.

ಗಡಿ ಆಚೆಗೆ ಒಂದು ಧರ್ಮಶಾಲೆಯಲ್ಲಿ ಇಳಿದುಕೊಂಡೆವು. ನಮ್ಮ ಹಾಗೆ ಬಂದವರಿಂದ ಅದು ತುಂಬಿ ಹೋಗಿತ್ತು. ಸೀರೆ ಬಿಚ್ಚಿಟ್ಟರೆ ಕಾಯುವವರಾರು ಎಂದು ಅಲ್ಲಿಯೂ ಮೂರನ್ನೂ ಉಟ್ಟುಕೊಂಡೇ ಇದ್ದೆವು. ಎದುರು ಮೂಲೆಯಲ್ಲಿ ಔರಾದದ ಕಡೆಯವರು ಇದ್ದರು. ಅವರಲ್ಲೊಬ್ಬ ದಪ್ಪನೆಯ ಹಿರಿಯಳು ಗೋಡೆಗೊರಗಿ ಕುಳಿತಿರುತ್ತಿದ್ದದ್ದಷ್ಟೇ ನನಗೆ ನೆನಪು. ನಾನು ಆಕೆಯೊಡನೆ ಮಾತಾಡಲಿಲ್ಲ. ಮುಂದೆ ನಾವು ದೂರದ ನೆಂಟರ ಮನೆ ಸೇರಿದೆವು. ಅಲ್ಲಿ ಸೀರೆ ಬಿಚ್ಚಿದಾಗ ನನ್ನ ಹಳೆಯ ಮೈ ಒಳಗೆ ಹಾಗೆಯೇ ಇತ್ತು. ಇನ್ನಷ್ಟು ಸೊರಗಿತ್ತು.

ಭಾರತದ ಸೈನ್ಯ ಬಂದು ಆಕ್ಷನ್ ಆಯಿತು. ನಾವು ಭಾಲ್ಕಿಗೆ ಮರಳಿದೆವು. ಮನೆಯ ಕೀಲಿ ಕೊಟ್ಟು ಹೋಗಿದ್ದು ಹಿಂದಿನ ಓಣಿಯ ಖಾಲಾ ಹತ್ತಿರ. ಆಕೆ ವಿಧವೆ, ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ನಮ್ಮ ಮನೆಯನ್ನು ಕಸ ಕೂಡ ಗುಡಿಸಿ ಇಟ್ಟಿದ್ದಳು. ಆದರೆ ಈಗ ಹೆದರುವ ಸರದಿ ಖಾಲಾ ಕಡೆಯ ಮುಸಲ್ಮಾನರದಾಗಿತ್ತು. ಆ ದಿನಗಳಲ್ಲಿ ಏನೇನಾಯಿತು ಎಂದು ಹೇಳಲು ನನಗೆ ಬಾಯಿಲ್ಲ. ಇಷ್ಟು ಹೇಳಬಲ್ಲೆ: ಖಾಲಾ ತನ್ನ ಮಷಿನ್ ತಂದು ನಮ್ಮ ದೇವರ ಕೋಣೆಯಲ್ಲಿ ಇಟ್ಟಳು, ಅದರ ಹಿಂದೆಯೇ ಅವ್ವ ಆಕೆಯನ್ನೂ ಕರೆತಂದು ನಮ್ಮ ಪಡಸಾಲೆಯಲ್ಲಿ ಮಲಗಿಸಿಕೊಂಡಳು. ನಾನು ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತರೆ ಪಕ್ಕದಲ್ಲೇ ಮಷಿನ್. ಶಿವ ಅದಕ್ಕೇನೂ ಅನ್ನಲಿಲ್ಲ.

ದೀಪಾವಳಿ ಹತ್ತಿರ ಇದ್ದಾಗ ಜೋಳದ ವ್ಯಾಪಾರದ ಹಿರಿಯರೊಬ್ಬರು ಸುದ್ದಿ ತಂದರು. ಔರಾದದ ಒಂದು ಮನೆತನದವರು ಹೆಣ್ಣು ಕೇಳಿದ್ದಾರೆ. "ಧರ್ಮಶಾಲಾದಾಗ ನೋಡ್ಯಾರಂತ. ಮೈಕೈ ತುಂಬಿದ ಹುಡುಗಿ, ಅದೇ ಹುಡುಗಿ ಬೇಕು ಅಂದಾರ. ಹುಡುಗನ ತಾಯಿ ಹಟ ಹಿಡಿದು ಕುಂತಾಳ."

ಅಪ್ಪನ ಮುಖ ಅರಳಿತು. ಅವ್ವ ನನ್ನ ಕಡೆ ನೋಡಿದಳು. ನಾನು ನನ್ನ ಕೈ ನೋಡಿಕೊಂಡೆ. ನನ್ನನ್ನು ಒಬ್ಬರು ಬೇಕೆಂದು ಕೇಳಿ ಕಳಿಸಿದ್ದು ಅದೇ ಮೊದಲು. ಆದರೆ ಅವರು ಕೇಳಿದ್ದು ನನ್ನನ್ನಲ್ಲ, ಆ ಮೂರು ಸೀರೆಯನ್ನು.

ಆ ಮನೆ ನನಗೆ ಬೇಕಿತ್ತು. ಹುಡುಗನನ್ನು ನೋಡಿರಲಿಲ್ಲ, ಹೊಲ ಎಷ್ಟೆಂದು ಕೇಳಿರಲಿಲ್ಲ. ಬೇಕು ಎಂದರಲ್ಲ, ಆ ಒಂದು ಮಾತಿಗೆ ಬೇಕಿತ್ತು.

ಕಾಕಿಗೆ ಯಾವ ತೊಡಕೂ ಕಾಣಲಿಲ್ಲ. "ಅದಕ್ಕೇನು? ಮೂರು ಉಟ್ಟಾಗ ಮೆಚ್ಯಾರ, ಮತ್ತ ಮೂರು ಉಡಸೋಣ. ಲಗ್ನ ಆಗೂತನಾ ಉಟ್ಟಿರಲಿ, ಆಮ್ಯಾಲ ಸೊರಗಿದ್ಲು ಅಂದ್ರಾಯ್ತು. ಸೊಸಿ ಸೊರಗಿದ್ರ ತಪ್ಪು ಅತ್ತಿಮ್ಯಾಲ ಬರ್ತದ, ನಮ್ಮ ಮ್ಯಾಲಲ್ಲ!"

"ಮೈಗಿ ಮೂರು ಉಡಸ್ತಿ ಖರೆ," ಎಂದಳು ಅವ್ವ, "ಮುಂಗೈಗಿ ಏನು ಉಡಸ್ತಿ?"

"ಮುಂಗೈ ಸೆರಗಿನಾಗ ಮುಚ್ಚಿಕೋತಾಳ. ನಾಚಿಕಿ ಅಂತ ತಿಳೀತಾರ."

ಖಾಲಾ ನೆಲದ ಮೇಲೆ ಬಟ್ಟೆ ಹಾಸಿಕೊಂಡು ಕತ್ತರಿ ಹಿಡಿದು ಕುಳಿತಿದ್ದಳು. ನೋಡಲು ಬರುವ ದಿನಕ್ಕೆ ಹೊಸ ಕುಪ್ಪಸ ಹೊಲಿಯಬೇಕಿತ್ತು. ಇಬ್ಬರ ಮಾತು ಮುಗಿಯುವವರೆಗೆ ಕಾಯ್ದು ನನ್ನ ಕಡೆ ತಿರುಗಿದಳು. "ಬೇಟಿ, ನೀ ಹೇಳು. ಯಾವ ಮೈಗಿ ಕತ್ತರಿಸಲಿ? ಇದ್ದ ಮೈಗ್ಯಾ, ತೋರ್ಸೋ ಮೈಗ್ಯಾ?"

ಕಾಕಿ ಉತ್ತರ ಕೊಡಲು ಹೋದಳು. ಖಾಲಾ ಕೈ ಎತ್ತಿ ತಡೆದಳು. ಅಲ್ಲಿಯವರೆಗೆ ನನ್ನ ಮದುವೆಯ ಮಾತಿನಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ನನಗೆ ಆ ಬೆಳಗಿನ ಪೂಜೆ ನೆನಪಾಯಿತು. ಕಣ್ಣು ಮುಚ್ಚಿ ಲಿಂಗದ ಮುಂದೆ ಕೂತಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಳ್ಳುವುದು ನನಗೆ ರೂಢಿ. ನಾಳೆ ಆ ಮನೆಗೆ ಹೋಗಿ ದಿನಾ ಬೆಳಿಗ್ಗೆ ಏನೆಂದು ಹೇಳಿಕೊಳ್ಳಲಿ?

"ಇದ್ದ ಮೈಗೇ ಹೊಲೀರಿ ಖಾಲಾ," ಎಂದೆ. ಹೇಳುವಾಗ ಅಳು ಬಂತು. ಅದರೊಡನೆ ಆ ಮನೆ ಕೈಬಿಟ್ಟು ಹೋಯಿತೆಂದೇ ತಿಳಿದಿದ್ದೆ.

"ಅಳಬ್ಯಾಡ. ಇದ್ದ ಮೈ ಅಂದ್ರ ಹಾಂಗೇ ಬಿಡೋದಲ್ಲ," ಎಂದಳು ಖಾಲಾ. "ನಿನ್ನ ಭುಜ ಎಷ್ಟು ಛಲೋ ಅವ, ನೋಡೀದೇನು? ತೋಳು ಮೊಳಕೈತನಾ ಇಡ್ತೇನಿ, ಜರಾ ಸಡ್ಲ. ಕೈ ಕಡ್ಡಿ ಹಾಂಗ ಕಾಣಂಗಿಲ್ಲ. ಕೊಳ್ಳಿನ ಹತ್ರ ಮ್ಯಾಲೆ ತಗೋತೇನಿ."

ಅವ್ವನೂ ಹತ್ತಿರ ಸರಿದು ಕುಳಿತಳು. ಉದ್ದ ಗೆರೆಯ ಸೀರೆ ಬೇಡ, ಇನ್ನೂ ಉದ್ದ ಮಾಡುತ್ತದೆ. ಅಡ್ಡ ಚೌಕಡಿ ಇರಲಿ, ದಡಿ ಅಗಲ ಇರಲಿ, ನೋಡುವವರ ಕಣ್ಣು ಅಲ್ಲಲ್ಲಿ ನಿಂತು ಮೇಲೆ ಬರಲಿ. ಗಂಜಿ ಹಾಕಿದ ನೂಲಿನ ಸೀರೆಯಾದರೆ ಮೈಯಿಂದ ಸ್ವಲ್ಪ ಎದ್ದು ನಿಲ್ಲುತ್ತದೆ. ನೆರಿಗೆ ಸಣ್ಣಗೆ, ಬಹಳ ಹಿಡಿಯಬೇಕು. ಕಾಕಿ ಮುನಿಸಿಕೊಂಡು ಮೂಲೆಯಲ್ಲಿ ಕುಳಿತಿದ್ದವಳು ತಡೆಯಲಾರದೆ ಎದ್ದು ಬಂದು, "ಜಡಿ ಎತ್ತಿ ಕಟ್ಟಬ್ಯಾಡ್ರಿ, ಇನ್ನೂ ಅರ್ಧ ಮೊಳ ಉದ್ದ ಆಗ್ತಾಳ. ತುರುಬು ಕೆಳಗ ಇರಲಿ," ಎಂದಳು. ಮೂವರು ಹೆಂಗಸರು ಒಂದು ಬಡಕಲು ಹುಡುಗಿಯ ಸುತ್ತ ಕುಳಿತು ಅಷ್ಟು ಪ್ರೀತಿಯಿಂದ ಲೆಕ್ಕ ಹಾಕಿದ್ದನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ಕುಪ್ಪಸ ಹೊಲಿದು ಕೊಡುವಾಗ ಖಾಲಾ ಒಳ ಮಗ್ಗುಲು ತಿರುಗಿಸಿ ತೋರಿಸಿದಳು. ಹೊಲಿಗೆಯ ಆಚೆ ಎರಡೂ ಕಡೆ ಬಟ್ಟೆ ಬಿಟ್ಟಿದ್ದಳು. "ಮುಂದ ಮೈ ತುಂಬಿ ಬರ್ತದ. ಆವಾಗ ಬಿಚ್ಚಿ ಸಡ್ಲ ಮಾಡ್ಕೋ."

ಔರಾದದವರು ಬಂದ ದಿನ ನಾನು ಒಳಗಿನ ಕೋಣೆಯಲ್ಲಿ ಬಾಗಿಲ ಸಂದಿಗೆ ಕಣ್ಣು, ಕಿವಿ ಕೊಟ್ಟು ನಿಂತಿದ್ದೆ. ಹೆಂಗಸರಿಬ್ಬರು ಬಂದಿದ್ದರು. ಕಾಕಿಯ ದನಿ ಕೇಳಿಸಿತು. ಅವಳು ಇಬ್ಬರಲ್ಲಿ ದಪ್ಪ ಇದ್ದವರ ಕೈ ಹಿಡಿದು, "ಬರ್ರಿ ಬರ್ರಿ, ಧರ್ಮಶಾಲಾದಾಗ ನೋಡಿದ್ದೆ, ಮರ್ತಿಲ್ಲ ನೋಡ್ರಿ," ಎನ್ನುತ್ತಿದ್ದಳು.

"ನಾ ಅಲ್ಲರೀ. ನಾ ಆಕಿ ನೆಗೆಣ್ಣಿ. ಹುಡುಗನ ತಾಯಿ ಇಕಿ."

ಪಕ್ಕದಲ್ಲಿ ಸಣ್ಣಗೆ ಒಬ್ಬಾಕೆ ನಿಂತಿದ್ದಳು. ಕಾಕಿಗೆ ನಂಬಿಕೆ ಬರಲಿಲ್ಲ. "ಅಯ್ಯ, ಆಕಿ ದಪ್ಪ ಇದ್ಲಲ್ಲರೀ!"

"ಆವಾಗ ದಪ್ಪ ಇದ್ದೆ ತಂಗಿ," ಎಂದಿತು ಒಂದು ತಣ್ಣಗಿನ ದನಿ. "ಮೈಮ್ಯಾಲ ಎರಡು ಸೀರಿ ಇದ್ದವು, ಅದರ ಮ್ಯಾಲ ಹೊದಿಯೋ ದುಪ್ಪಟಿ ಒಂದು."

ನನಗೆ ಜೀವ ಬಂದಂತಾಯಿತು. ಆದರೆ ಬಹಳ ಹೊತ್ತಲ್ಲ. ನಾನು ಹೊರಗೆ ಬಂದು ಚಾಪೆಯ ಮೇಲೆ ಕುಳಿತೆ. ಆಕೆಯ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕವ್ವ, ಜ್ವರ ಬಂದಿತ್ತೇನು? ಇಷ್ಟ್ಯಾಕ ಸೊರಗೀದಿ?"

"ಹೌದ್ರಿ, ಜ್ವರ..." ಎಂದು ಕಾಕಿ ಬಾಯಿ ತೆಗೆದಳು.

"ಇಲ್ಲರಿ," ಎಂದೆ ನಾನು. "ಜ್ವರ ಬಂದಿಲ್ಲರಿ. ಆವಾಗ ಮೂರು ಸೀರಿ ಉಟ್ಟಿದ್ದೆ. ಈಗ ಒಂದು ಉಟ್ಟೇನಿ. ನಾ ಇರೋದೇ ಹೀಂಗರಿ."

ನೆಗೆಣ್ಣಿ ಹುಬ್ಬು ಏರಿಸಿದಳು. "ನಮ್ಮಲ್ಲಿ ಬಯಲು ಎರಿ ಹೊಲ ಅವ. ಗಾಳಿ ಬಿಟ್ಟರ ಈಕಿನ ಹಿಡಿಲಿಕ್ಕೆ ಒಬ್ಬರು ಬೇಕಾಗ್ತದ."

ಹುಡುಗನ ತಾಯಿ ಮುಂದಕ್ಕೆ ಸರಿದು ಕುಳಿತಳು. ಉಡಿ ತುಂಬಲು ತಂದಿದ್ದ ಚೀಲದಿಂದ ಅಕ್ಕಿ ತೆಗೆದಳು, ಕೊಬ್ಬರಿ ತೆಗೆದಳು. ಕಪ್ಪು ನೆಲದ ಮೇಲೆ ಎಳೆ ಗೆರೆಯ ಒಂದು ಖಣ ತೆಗೆದಳು. ಅದನ್ನು ಕೈಯಲ್ಲಿ ಹಿಡಿದು ನನ್ನನ್ನು ನೋಡಿದಳು, ಖಣವನ್ನು ನೋಡಿದಳು. ಆಮೇಲೆ ಮಡಿಸಿ ಪಕ್ಕಕ್ಕೆ ಇಟ್ಟುಬಿಟ್ಟಳು.

"ಇದು ಈ ಹುಡುಗಿಗಲ್ಲ," ಎಂದಳು.

ನಾನು ತಲೆ ತಗ್ಗಿಸಿ ನನ್ನ ಸೀರೆಯ ಚೌಕಡಿ ನೋಡುತ್ತ ಕುಳಿತೆ. ಒಂದು ಕೆಂಪು, ಒಂದು ಬಿಳಿ, ಒಂದು ಕೆಂಪು. ಶಿವನೇ, ಇಷ್ಟರ ಮಟ್ಟಿಗಾದರೂ ಬಂದರಲ್ಲ, ಸಾಕು ಎಂದುಕೊಂಡೆ.

ಆಕೆ ಎದ್ದಳು. ಆ ಖಣವನ್ನು ಎತ್ತಿಕೊಂಡು ಹೋಗಿ ಕಾಕಿಯ ಮುಂದೆ ನಿಂತಳು. "ಸೆರಗು ಹಿಡಿ ತಂಗಿ. ಇದು ನಿನಗ ಹೊಂದತದ." ಕಾಕಿ ಏನೂ ತಿಳಿಯದೆ ಸೆರಗು ಒಡ್ಡಿದಳು. ಆಕೆ ಕಾಕಿಯ ಉಡಿ ತುಂಬಿ ಅವ್ವನ ಕಡೆ ತಿರುಗಿದಳು. "ಬೀಗ್ತಿ, ನಾ ಮೈತುಂಬ ಇದ್ದ ಹುಡುಗಿ ಅಂತ ತಿಳಿದು ಖಣ ತಂದೇನಿ, ತಪ್ಪು ನಂದು. ನಿಮ್ಮ ಪೆಟ್ಟಿಗ್ಯಾಗ ಅಗಲ ದಡೀದು, ತಿಳಿ ಬಣ್ಣದ್ದು ಒಂದು ಅದ ಏನ್ರಿ? ಒಂದು ಖಣಕ್ಕ ಒಂದು ಖಣ, ಅದಲಿ ಬದಲಿ ಮಾಡೋಣು."

ಬೀಗ್ತಿ ಎಂದಳು. ಆ ಶಬ್ದ ಮೊದಲು ತಿಳಿದದ್ದು ಅಪ್ಪನಿಗೆ. ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅವ್ವ ಒಳಗೆ ಓಡಿದಳು. ಹುಡುಕಲಿಲ್ಲ. ಪೆಟ್ಟಿಗೆಯ ತೀರ ಅಡಿಯಿಂದ ಒಂದು ಖಣ ತಂದಳು, ತಿಳಿ ಹಸಿರು, ಅಂಗೈ ಅಗಲದ ಕೆಂಪು ದಡಿ. ಬಂದ ಬಂದವರಿಗೆಲ್ಲ ಉಡಿ ತುಂಬುವಾಗ ಅದೊಂದನ್ನು ಯಾರಿಗೂ ಕೊಡದೆ ನನಗೆಂದು ಇಟ್ಟಿದ್ದಳಂತೆ. ನನ್ನ ತವರಿನ ಖಣವನ್ನೇ ನನ್ನ ಅತ್ತೆ ನನ್ನ ಉಡಿಗೆ ಹಾಕಿದರು.

ನೆಗೆಣ್ಣಿ ಇನ್ನೂ ಗೊಣಗುತ್ತಿದ್ದಳು. "ಅಲ್ಲಕ್ಕ, ಗಾಳಿ..."

"ನಮ್ಮ ಹುಡುಗನೂ ಬಿದಿರು ಗಳ ಇದ್ದಾಂಗ ಇದ್ದಾನ. ಹಾರಿದ್ರ ಇಬ್ಬರೂ ಕೂಡಿ ಹಾರಲಿ, ನೀ ಹಿಡಿಲಿಕ್ಕೆ ಹೋಗಬ್ಯಾಡ," ಎಂದರು ಅತ್ತೆ. ಖಾಲಾ ಒಳಗಿನ ಬಾಗಿಲಲ್ಲಿ ನಿಂತು ನಕ್ಕದ್ದು ನನಗೆ ಕೇಳಿಸಿತು.

ಔರಾದಕ್ಕೆ ಸೊಸೆಯಾಗಿ ಹೋದೆ. ಬಹಳ ದಿನಗಳ ಮೇಲೆ ಒಮ್ಮೆ ಬಿಸಿಲಿಗೆ ಶಾವಿಗೆ ಒಣಹಾಕುತ್ತ ಅತ್ತೆಯನ್ನು ಕೇಳಿದೆ. "ಅತ್ತಿ, ಆ ಧರ್ಮಶಾಲಾದಾಗ ನನ್ನಲ್ಲಿ ಏನು ನೋಡಿದ್ರಿ? ಮಾತು ಸುದ್ದಾ ಆಡಿರಲಿಲ್ಲ."

"ನಿನ್ನ ಮುಖ ಎಲ್ಲಿ ನೋಡೀನಿ? ಬೆನ್ನು ನೋಡೀನಿ. ಅಷ್ಟು ಗದ್ದಲದಾಗ, ಅಳೋರು ಅಳ್ಲಿಕತ್ತಾರ, ಬಡಿದಾಡೋರು ಬಡಿದಾಡ್ಲಿಕತ್ತಾರ, ಒಂದು ಹುಡುಗಿ ಗ್ವಾಡಿಗಿ ಮುಖ ಮಾಡಿ ಲಿಂಗಪೂಜಿ ಮಾಡ್ತಿತ್ತು. ಹೂವಿಲ್ಲ, ಪತ್ರಿ ಇಲ್ಲ, ಒಂದು ಗಿಂಡಿ ನೀರು. ದಿನಾ ಅದೇ ಹೊತ್ತಿಗಿ. ಬೆನ್ನು ಅಗಲ ಇತ್ತು, ಗುರುತಿಗಿ ಅದನ್ನೇ ಹೇಳಿ ಕಳಿಸಿದೆ. ಆ ಜೋಳದ ವ್ಯಾಪಾರಿಗಿ ಪೂಜಿ ಮರ್ತು ಹೋಯ್ತು, ಮೈ ನೆನಪುಳೀತು. ಗಂಡಸು, ಏನು ಮಾಡ್ತಿ?"

ಶಿವ ನನಗೆ ಮಾಡಿದ ಉಪಕಾರಗಳು ಹೀಗೆ ಸಣ್ಣ ಸಣ್ಣವು. ದೊಡ್ಡದನ್ನು ನಾನು ಕೇಳಿಲ್ಲ. ಖಾಲಾ ಮುಂದೆ ಬೀದರದಲ್ಲಿ ತನ್ನ ಅಣ್ಣನ ಮನೆ ಸೇರಿ, ಕೋಟೆಯ ಹತ್ತಿರದ ಓಣಿಯಲ್ಲಿ ಅದೇ ಮಷಿನ್ ಇಟ್ಟುಕೊಂಡಳು. ಮೊದಲ ಮಗು ಆದ ಮೇಲೆ ಬಸ್ಸು ಹಿಡಿದು ಆಕೆಯ ಮನೆ ಹುಡುಕಿಕೊಂಡು ಹೋದೆ. ಆಕೆ ಹೊಲಿದ ಕುಪ್ಪಸ ಬಿಗಿಯಾಗಿತ್ತು, ಕೈಯಲ್ಲಿ ಹಿಡಿದುಕೊಂಡು ಹೋಗಿದ್ದೆ. ನನ್ನನ್ನು ಬಾಗಿಲಲ್ಲಿ ನೋಡಿದವಳೇ, "ನಾ ಹೇಳಿರಲಿಲ್ಲೇನು?" ಎಂದು ಕುಪ್ಪಸ ಕಸಿದುಕೊಂಡು ಹೊಲಿಗೆ ಬಿಚ್ಚಲು ಕುಳಿತಳು. ಒಳಗೆ ಬಿಟ್ಟಿದ್ದ ಬಟ್ಟೆಯ ಬಣ್ಣ ಹೊರಗಿನದಕ್ಕಿಂತ ಹೊಸದಾಗಿತ್ತು. ಮೂರು ಸೀರೆಗಳಲ್ಲಿ ಮಾಸಿದ್ದು ಮಕ್ಕಳಿಗೆ ಕೌದಿಯಾಯಿತು, ನೂಲಿನದು ಹರಿಯುವವರೆಗೆ ಉಟ್ಟೆ, ಅವ್ವನ ಇಳಕಲ್ಲ ಸೀರೆ ಪೆಟ್ಟಿಗೆಯಲ್ಲಿ ಉಳಿಯಿತು.

ವರ್ಷಗಳು ಕಳೆದು ನಾನು ಕಾಕಿಯಷ್ಟೇ ಗುಂಡಗಾದೆ. ಕಪ್ಪು ನೆಲದ ಖಣ ಈಗ ನನಗೆ ಹೊಂದುತ್ತದೆ. ಅತ್ತೆ ಮಾತ್ರ ಸಣ್ಣಗಾಗುತ್ತ ಹೋದರು. ಕೊನೆಯ ಚಳಿಗಾಲದಲ್ಲಿ ಹಾಸಿಗೆಯಿಂದ ಎಬ್ಬಿಸಿ ಕೂರಿಸಿದರೆ ಒಂದು ಹೊರೆ ಒಣ ಹುಲ್ಲು ಎತ್ತಿದಂತಿರುತ್ತಿತ್ತು. ನೌಬಾದದಿಂದ ಅವರ ತವರಿನವರು ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ಆ ದಿನ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಸೀರೆ ಉಡಿಸಲು ಹೋದರೆ ಅತ್ತೆ ನನ್ನ ಕೈ ಹಿಡಿದರು.

"ಎರಡು ಉಡಸು."

ನಾನು ಅವರ ಮುಖ ನೋಡಿದೆ.

"ನನ್ನ ತಮ್ಮ ಬರ್ಲಿಕತ್ಯಾನ. ಹೀಂಗ ನೋಡಿದ್ರ ಅಳ್ತಾನ. ಅವನೂ ಮುದುಕ ಆಗ್ಯಾನ, ಅತ್ತು ನೌಬಾದತನಾ ಹ್ಯಾಂಗ ಹೋಗ್ತಾನ?"

ಒಂದು ಸಲ ಬೇಡವೆಂದ ಸುಳ್ಳನ್ನು ಈಗ ಹೇಗೆ ಉಡಿಸಲಿ ಎಂದು ನನಗೆ ಅನ್ನಿಸಲೇ ಇಲ್ಲ. ಅಂದು ಅದು ನನಗಾಗಿ ಇರುತ್ತಿತ್ತು. ಇಂದು ತಮ್ಮನಿಗಾಗಿ. ಲಿಂಗದೇವರಿಗೆ ಈ ಎರಡರ ಅಂತರ ನಾನು ಹೇಳಿಕೊಡಬೇಕಾಗಿಲ್ಲ.

"ಮೂರು ಉಡಸಲೇನ್ರಿ ಅತ್ತಿ?" ಎಂದೆ.

"ಎರಡು ಸಾಕು. ಮೂರು ಉಟ್ಟರ ಕುಂದರಲಿಕ್ಕೆ ಬರಂಗಿಲ್ಲ, ನಿನಗ ಗೊತ್ತಿಲ್ಲೇನು?" ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕರು.

ಒಳಗೆ ಮೆತ್ತಗಿನ ಹಳೆಯದೊಂದು ಉಡಿಸಿದೆ. ಮೇಲೆ ಅವ್ವನ ಇಳಕಲ್ಲ ಸೀರೆ ಉಡಿಸಿದೆ, ಮೈಯಿಂದ ಎದ್ದು ನಿಲ್ಲಲೆಂದು ನೆರಿಗೆ ಸಣ್ಣಗೆ, ಬಹಳ ಹಿಡಿದೆ. ತೋಳು ಸಡಿಲದ ಕುಪ್ಪಸ ಹಾಕಿದೆ. ದಿಂಬಿಗೆ ಒರಗಿಸಿ ಕೂರಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಧರ್ಮಶಾಲೆಯ ಗೋಡೆಗೊರಗಿ ಕುಳಿತಿರುತ್ತಿದ್ದ ಆ ದಪ್ಪನೆಯ ಹಿರಿಯಳು ಅಲ್ಲಿ ಕುಳಿತಿದ್ದಳು.

ಹೊರಗೆ ಬಂಡಿ ನಿಂತ ಸಪ್ಪಳವಾಯಿತು. ನಾನು ಬಗ್ಗಿ ಅವರ ಸೆರಗನ್ನು ಮುಂದಕ್ಕೆ ಎಳೆದು ಎರಡೂ ಮುಂಗೈ ಮುಚ್ಚಿದೆ.